ಎದುರಿಗೆ ನಿಲ್ಲಬಾರದವನು

ಆ ಶನಿವಾರ ಬೆಳಗ್ಗೆ ಬಸವೇಶ್ವರನಗರದ ಮೇಲೆ ಆಕಾಶವೆನ್ನುವುದು ಇರಲೇ ಇಲ್ಲ. ಕಾರ್ತಿಕದ ಸೋನೆ ಹಿಂದಿನ ದಿನ ಹಿಡಿದದ್ದು ಬಿಟ್ಟಿರಲಿಲ್ಲ. ಜೋರಾಗಿ ಸುರಿದು ಮುಗಿಸುವ ಮನಸ್ಸಿಲ್ಲ, ನಿಲ್ಲುವ ಮನಸ್ಸೂ ಇಲ್ಲ. ಹಿಂಡದೆ ಹಗ್ಗದ ಮೇಲೆ ಎಸೆದ ಸೀರೆಯ ಹಾಗೆ ತೊಟ್ಟಿಕ್ಕುತ್ತಲೇ ಇತ್ತು.

ಶ್ಯಾಮಸುಂದರ ತಾರಸಿಯಲ್ಲಿ ಕೊಡೆ ಹಿಡಿದು ನಿಂತಿದ್ದ. ಕೊಡೆ ಅವನ ತಲೆಯ ಮೇಲಿರಲಿಲ್ಲ. ನೀರಿನ ಟ್ಯಾಂಕಿನ ಪಕ್ಕ, ಸೋರುವ ತಗಡಿನ ಚಪ್ಪರದಡಿ ಪ್ಲಾಸ್ಟಿಕ್ ಹೊದ್ದು ನಿಂತಿದ್ದ ಎರಡು ದುರ್ಬೀನುಗಳ ಮೇಲಿತ್ತು. ಒಂದು ನಿಮಿಷ ಇದಕ್ಕೆ ಹಿಡಿಯುವನು, ಒಂದು ನಿಮಿಷ ಅದಕ್ಕೆ. ಪಕ್ಷಪಾತ ಆಗಬಾರದಲ್ಲ.

ಕೆಳಗಿನಿಂದ ತಾಯಿ ಪದ್ಮಾವತಮ್ಮನವರ ದನಿ ಬಂತು. "ಶ್ಯಾಮೂ, ಅವನು ಇವತ್ತು ಕಾಣ್ತಾನೇನೋ?"

"ಮೋಡ ಹೋದ್ರೆ ಕಾಣ್ತಾನಮ್ಮ."

"ಹೋಗತ್ತೋ?"

"ಹವಾಮಾನದವರು ಹೋಗಲ್ಲ ಅಂದಿದಾರೆ."

"ಹಂಗಾದ್ರೆ ಹೋಗತ್ತೆ ಬಿಡು," ಎಂದು ಅವರು ನೆಮ್ಮದಿಯಿಂದ ಒಳಗೆ ಹೋದರು.

ಅವನು ಎಂದರೆ ಶನಿ. ಮೂವತ್ತು ವರ್ಷದ ಹಿಂದೆ ಶ್ಯಾಮುವಿಗೆ ಸಾಡೇಸಾತಿ ಹಿಡಿಯಿತೆಂದು ಪದ್ಮಾವತಮ್ಮ ಶನಿವಾರದ ಎಳ್ಳೆಣ್ಣೆ ದೀಪ ಶುರು ಮಾಡಿದ್ದರು. ಏಳೂವರೆ ವರ್ಷಕ್ಕೆ ಸಾಡೇಸಾತಿ ಬಿಟ್ಟಿತು, ದೀಪ ಬಿಡಲಿಲ್ಲ. ಈಗ ಅವರಿಗೆ ಎಂಬತ್ತು. ಬಲಗಣ್ಣು ಎಂದೋ ಮಂಕಾಗಿ ಬರಿಯ ಬೆಳಕಿನ ಲೆಕ್ಕಕ್ಕೆ ಉಳಿದಿತ್ತು. ಎಡಗಣ್ಣಿನಲ್ಲಿ ಇನ್ನೂ ಪತ್ರಿಕೆಯ ತಲೆಬರಹ ಓದುತ್ತಿದ್ದರು; ಅದಕ್ಕೂ ಪೊರೆ ಬಂದು, ಸೋಮವಾರ ಆಪರೇಶನ್ ಎಂದು ಗೊತ್ತಾಗಿತ್ತು. ಸಣ್ಣ ಕೆಲಸ, ಅರ್ಧ ಗಂಟೆ ಎಂದು ಡಾಕ್ಟರು ಹೇಳಿದರು. ಆದರೆ ಇರುವ ಒಂದೇ ಕಣ್ಣನ್ನು ಇನ್ನೊಬ್ಬರ ಕೈಗೆ ಕೊಡುವವರಿಗೆ ಅರ್ಧ ಗಂಟೆ ಸಣ್ಣದಲ್ಲ. ಅದಕ್ಕೇ ಒಂದು ದಿನ ಊಟದ ನಡುವೆ ಅವರು ಮೆಲ್ಲಗೆ ಕೇಳಿದ್ದರು: "ನಿನ್ನ ಆ ಕೊಳವೇಲಿ ಶನಿ ಕಾಣ್ತಾನಂತಲ್ಲೋ. ಈ ಕಣ್ಣಿರೋವಾಗ್ಲೇ ಒಂದ್ಸಲ ತೋರಿಸ್ತೀಯಾ? ಇಷ್ಟು ವರ್ಷ ಹೆದರಿಕೊಂಡು ಬದುಕಿದೀನಿ. ಯಾರಿಗೆ ಹೆದರ್ತಿದ್ದೆ ಅಂತ ಒಂದ್ಸಲ ನೋಡ್ಬೇಕು."

ತಾಯಿ ಅದುವರೆಗೆ ಅವನನ್ನು ಕೇಳಿದ್ದೆಂದರೆ ಔಷಧಿ, ಹೂವು, ಪಂಚಾಂಗ. ಶ್ಯಾಮಸುಂದರ "ಆಯ್ತಮ್ಮ" ಎಂದುಬಿಟ್ಟ. ಎಲ್ಲರಿಗೂ "ಆಯ್ತು" ಎನ್ನುವುದು ಅವನ ಹುಟ್ಟುಗುಣ. ಈ ಕಥೆಯ ಗೊಂದಲವೆಲ್ಲ ಹುಟ್ಟಿದ್ದೂ ಆ ಗುಣದಿಂದಲೇ.

ಈಗ ಆ ಎರಡು ದುರ್ಬೀನುಗಳು ಬಂದ ಬಗೆ ಹೇಳಬೇಕು. ಕಾಲೇಜೊಂದರ ಆಫೀಸಿನಲ್ಲಿ ಸೂಪರಿಂಟೆಂಡೆಂಟಾಗಿದ್ದ ಶ್ಯಾಮಸುಂದರ ಹಿಂದಿನ ವರ್ಷ ಒಂದು ಹುಣ್ಣಿಮೆಯಂದು ಮೊಬೈಲಿನಲ್ಲಿ ಚಂದ್ರನ ಫೋಟೋ ತೆಗೆದ. ಅದು ಬೀದಿದೀಪದ ಹಾಗೆ ಬಂತು. ಆ ಬೀದಿದೀಪವೇ ಅವನ ನಿದ್ದೆ ಕೆಡಿಸಿತು. ಆಕಾಶದ ಫೋಟೋ ತೆಗೆಯುವವರ ಒಂದು ಗುಂಪು ಸೇರಿದ. ಮೊದಲ ದಿನವೇ ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆ: ರಿಫ್ರಾಕ್ಟರೋ, ರಿಫ್ಲೆಕ್ಟರೋ? ಗಾಜಿನ ಮಸೂರದಿಂದ ನೋಡುವ ದುರ್ಬೀನೋ, ಕನ್ನಡಿಯಿಂದ ನೋಡುವುದೋ? ವೈಷ್ಣವನೋ ಶೈವನೋ ಎಂದು ಕೇಳಿದ ಹಾಗಿತ್ತು.

ಮಸೂರದ ಕಡೆಯ ಗುರು ಸುಧೀಂದ್ರ. ರಾಜಾಜಿನಗರದಲ್ಲಿ ನಲವತ್ತು ವರ್ಷದ ಕನ್ನಡಕದ ಅಂಗಡಿ. ಅವರ ವಾದ ಸರಳ. "ದೇವರು ನಮ್ಮ ಕಣ್ಣೊಳಗೆ ಇಟ್ಟಿರೋದು ಏನು ಶ್ಯಾಮ್? ಲೆನ್ಸು. ಕನ್ನಡಿ ಇಟ್ಟಿದ್ದಾನಾ? ಹೊಸಬರು ಫೋಟೋ ತೆಗೀಬೇಕು ಅಂದ್ರೆ ರಿಫ್ರಾಕ್ಟರ್ರೇ. ಸಿಗಿಸು, ತಿರುಗಿಸು, ಹೊಡಿ, ಮುಗೀತು. ಕನ್ನಡಿ ದುರ್ಬೀನು ಅಂದ್ರೆ ಸಂಸಾರ ಕಣ್ರೀ. ದಿನಾ ಸ್ಕ್ರೂ ತಿರುಗಿಸಿ ಸರಿ ಮಾಡ್ತಾ ಕೂರ್ಬೇಕು."

ಕನ್ನಡಿಯ ಕಡೆಯ ಗುರು ಮಡಿವಾಳಪ್ಪ. ಗದಗಿನ ಕಡೆಯಿಂದ ಬಂದು ಶ್ರೀಗಂಧದ ಕಾವಲಿನಲ್ಲಿ ಗಾಜು, ಕನ್ನಡಿ, ಪ್ಲೈವುಡ್ಡಿನ ಅಂಗಡಿ ಹಾಕಿದವನು. ಅಂಗಡಿಯ ಹಿಂದೆ ಡ್ರಮ್ಮು ಬೋರಲು ಹಾಕಿ, ಅದರ ಸುತ್ತ ನಾಲ್ಕು ತಿಂಗಳು ಸುತ್ತು ಹಾಕುತ್ತ, ಆರು ಇಂಚಿನ ಕನ್ನಡಿಯನ್ನು ತನ್ನ ಕೈಯಾರೆ ತಿಕ್ಕಿ ಮಾಡಿದ್ದ. "ನೋಡ್ರಿ ಸರ, ಸುಧೀಂದ್ರ ಸರ್ ಲೆನ್ಸಿನ್ಯಾಗ ಚಂದ್ರನ ಸುತ್ತ ನೀಲಿ ಅಂಚು ಬರ್ತೈತಿ, ಇಳಕಲ್ ಸೀರಿ ಉಟ್ಟಂಗ. ನಮ್ಮ ಕನ್ನಡಿಯೊಳಗ ಆ ಸಿಂಗಾರ ಇಲ್ಲ. ಇದ್ದಿದ್ದು ಇದ್ದಂಗ. ಆರಿಂಚಿನ ಲೆನ್ಸ್ ತರಬೇಕಂದ್ರ ಮನಿ ಮಾರಬೇಕು. ಆರಿಂಚಿನ ಕನ್ನಡಿಗೆ ರಟ್ಟಿ ಗಟ್ಟಿ ಇದ್ರ ಸಾಕು."

ಇಬ್ಬರೂ ದೊಡ್ಡ ದುರ್ಬೀನಿಗೆ ಬಡ್ತಿ ಪಡೆಯುವವರಿದ್ದರು. ಹಳೆಯದನ್ನು ಒಳ್ಳೆಯ ಮನೆಗೆ ಸೇರಿಸಬೇಕೆಂಬ ಆಸೆ. ಹದಿನೈದು ದಿನ ಇಟ್ಟುಕೊಂಡು ನೋಡು, ಒಂದನ್ನು ಉಳಿಸಿಕೊಂಡು ಇನ್ನೊಂದನ್ನು ತಂದುಕೊಡು ಎಂದು ಇಬ್ಬರೂ ತಂದಿಟ್ಟರು. ಶ್ಯಾಮಸುಂದರ ಸುಧೀಂದ್ರರಿಗೆ "ನಿಮ್ಮದೇ ಒಳ್ಳೇದು ಅನ್ಸತ್ತೆ" ಎಂದ. ಮಡಿವಾಳಪ್ಪನಿಗೂ ಹಾಗೇ ಎಂದ. ಅಷ್ಟಕ್ಕೇ ನಿಲ್ಲಿಸದೆ, "ಅಮ್ಮನಿಗೆ ನಿಮ್ಮದರಲ್ಲೇ ಶನಿ ತೋರಿಸ್ತೀನಿ" ಎಂದು ಇಬ್ಬರಿಗೂ ಬೇರೆಬೇರೆಯಾಗಿ ಮಾತು ಕೊಟ್ಟ. ಆವತ್ತಿನಿಂದ ಒಂದು ಸಂಜೆಯೂ ಮೋಡ ಬಿಟ್ಟಿರಲಿಲ್ಲ. ಗಡುವು ಭಾನುವಾರ ಬೆಳಗ್ಗೆ. ಉಳಿದಿದ್ದು ಇದೊಂದೇ ಸಂಜೆ.

ಹತ್ತು ಗಂಟೆಗೆ ಸುಧೀಂದ್ರ ಫೋನ್ ಮಾಡಿದರು. "ಅಮ್ಮ ನನ್ನ ಲೆನ್ಸಲ್ಲಿ ನೋಡೋವಾಗ ನಾನಿರ್ಬೇಕು. ಏಳಕ್ಕೆ ಬರ್ತೀನಿ."

"ಬನ್ನಿ ಬನ್ನಿ."

ಹತ್ತೂ ಹತ್ತಕ್ಕೆ ಮಡಿವಾಳಪ್ಪ. "ಸರ, ಅಮ್ಮಾರು ನೋಡೋ ಮುಂದ ಕನ್ನಡಿ ಸರಿ ಮಾಡಿ ಕೊಡ್ತೀನ್ರಿ. ಏಳಕ್ಕ ಬರ್ಲ್ಯಾ?"

"ಬನ್ನಿ ಬನ್ನಿ."

ಅಡುಗೆಮನೆಯಲ್ಲಿ ಹುರುಳಿಕಾಯಿ ಹೆಚ್ಚುತ್ತಿದ್ದ ಹೆಂಡತಿ ಕೋಕಿಲಾ ಎರಡೂ ಕೇಳಿಸಿಕೊಂಡಳು. ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವವಳು. ಉತ್ತರ ಗೊತ್ತಿಲ್ಲದೆ ತಲೆಯಾಡಿಸುವವರನ್ನು ದೂರದಿಂದಲೇ ಗುರುತಿಸುತ್ತಿದ್ದಳು.

"ಇಬ್ರಿಗೂ ಬನ್ನಿ ಅಂದ್ರಾ?"

"ಬರ್ಬೇಡಿ ಅಂತ ಹೆಂಗೆ ಹೇಳೋದು ಕಣೇ?"

"ನನ್ನ ನೋಡೋಕೆ ಬಂದಾಗ್ಲೂ ಹಿಂಗೇ ಇನ್ನೊಬ್ಳಿಗೆ ಹೂಂ ಅಂದು ಬಂದಿದ್ರಾ?"

ಶ್ಯಾಮಸುಂದರ ಫೋನನ್ನು ಜೇಬಿಗೆ ಹಾಕಿಕೊಂಡ. "ತುಮಕೂರಿನವರು. ಅವರೇ ಬೇಡ ಅಂದ್ರು."

ಕೋಕಿಲಾ ಹುರುಳಿಕಾಯಿಯನ್ನು ಆಮೇಲೆ ಬಹಳ ಸಣ್ಣಗೆ ಹೆಚ್ಚಿದಳು.

ಐದೂವರೆಗೆ ಗಾಳಿ ತಿರುಗಿತು. ಯಾರೋ ಮನೆ ಬಿಟ್ಟು ಹೊರಡುವ ಹಾಗೆ ಮೋಡಗಳು ಒಂದೊಂದೇ ಗಂಟುಮೂಟೆ ಕಟ್ಟಿಕೊಂಡು ಮಾಗಡಿಯ ಕಡೆ ಸರಿದವು. ಅವುಗಳ ಹಿಂದೆ ತೊಳೆದಿಟ್ಟ ತಟ್ಟೆಯಂಥ ಆಕಾಶ. ಅಷ್ಟಮಿಯ ಅರ್ಧಚಂದ್ರ ನೆತ್ತಿಯ ಹತ್ತಿರ ಬಂದು ಕುಳಿತಿದ್ದ. ಕತ್ತಲಾದಂತೆ ಅವನ ಎಡಕ್ಕೆ ಸ್ವಲ್ಪ ದೂರದಲ್ಲಿ, ಮಿಣುಕದೆ, ಅಲುಗದೆ, ಮಂಕು ಹಳದಿಯ ಒಂದು ಚುಕ್ಕೆ. ಶ್ಯಾಮಸುಂದರ ತನಗೆ ತಿಳಿಯದೆಯೇ ಅದಕ್ಕೆ ಕೈ ಮುಗಿದ.

ಪದ್ಮಾವತಮ್ಮ ಆರೂವರೆಗೆ ದೇವಸ್ಥಾನದಲ್ಲಿ ದೀಪ ಹಚ್ಚಿ ಬಂದರು. ಏಳಕ್ಕೆ ಗೇಟಿನ ಹತ್ತಿರ ಸುಧೀಂದ್ರರ ಸ್ಕೂಟರೂ ಮಡಿವಾಳಪ್ಪನ ಟೆಂಪೋವೂ ಎದುರುಬದುರು ನಿಂತವು.

"ಓಹೋ, ನೀವೂ ಬಂದ್ರಾ?" ಎಂದರು ಸುಧೀಂದ್ರ.

"ಕರದಾರ್ರೀ. ನಿಮ್ಮನ್ನೂ ಕರದಾರೇನು?"

ಇಬ್ಬರೂ ತಲೆಯೆತ್ತಿ ತಾರಸಿಯ ಕಡೆ ನೋಡಿದರು. ಅಲ್ಲಿ ಇಣುಕುತ್ತಿದ್ದ ಒಂದು ತಲೆ ಚಕ್ಕನೆ ಮರೆಯಾಯಿತು.

ಹಿರಿಯರೆಂಬ ಮರ್ಯಾದೆಗೆ ಸುಧೀಂದ್ರರ ದುರ್ಬೀನಿಗೆ ಮೊದಲ ಸರದಿ. ಅವರು ಮಂಡಿಯೂರಿ ಕೂತು, ಉಸಿರು ಬಿಗಿಹಿಡಿದು ಶನಿಯನ್ನು ಹಿಡಿದರು. ಪದ್ಮಾವತಮ್ಮ ಮಡಿಸೀರೆಯಲ್ಲಿ, ಹಣೆಯ ಕುಂಕುಮ ತಿದ್ದಿಕೊಂಡು, ಸೊಸೆಯ ಕೈ ಹಿಡಿದು ಮೆಟ್ಟಿಲು ಹತ್ತಿ ಬಂದರು.

"ಬನ್ನಿ ಅಮ್ಮ. ಇಲ್ಲಿ ಹಿಂದೆ ನಿಂತ್ಕೊಂಡು, ಸ್ವಲ್ಪ ಬಗ್ಗಿ, ನೇರವಾಗಿ ನೋಡಿ."

"ನೇರವಾಗಿ ಅಂದ್ರೆ?"

"ನೇರ ಅಂದ್ರೆ ನೇರಾನೇ. ಆ ಕಡೆ ಅವನು, ಈ ಕಡೆ ನೀವು. ಮಧ್ಯೆ ಲೆನ್ಸ್ ಬಿಟ್ರೆ ಏನೂ ಇಲ್ಲ."

ಪದ್ಮಾವತಮ್ಮ ಎರಡು ಹೆಜ್ಜೆ ಹಿಂದಕ್ಕೆ ಹೋದರು. "ಅಯ್ಯೋ ರಾಮ! ಅವನ ಎದುರಿಗೆ ನಿಲ್ಲೋದೇ?"

ಶನಿಯ ಗುಡಿಗೆ ಹೋದವರಿಗೆಲ್ಲ ಗೊತ್ತು. ಅವನ ದೃಷ್ಟಿಗೆ ನೇರ ಬೀಳಬಾರದು, ಪಕ್ಕಕ್ಕೆ ನಿಂತು ಕೈ ಮುಗಿಯಬೇಕು. ಮೂವತ್ತು ವರ್ಷದಲ್ಲಿ ಪದ್ಮಾವತಮ್ಮನವರಿಗೆ ಪರಿಚಯವಾಗಿದ್ದು ಅವನ ಬಲಭುಜ ಮತ್ತು ಕಾಗೆಯ ಬಾಲ, ಅಷ್ಟೇ. ಹದಿನೈದು ದಿನ ಲೆನ್ಸು, ಕನ್ನಡಿ, ಸ್ಕ್ರೂ, ಸ್ಟ್ಯಾಂಡು ಎಂದು ತಲೆ ಕೆಡಿಸಿಕೊಂಡ ಮೂವರು ಗಂಡಸರಲ್ಲಿ ಒಬ್ಬನಿಗೂ ಇದು ಹೊಳೆದಿರಲಿಲ್ಲ.

"ಅಮ್ಮ, ಅದು ಗ್ರಹ," ಎಂದರು ಸುಧೀಂದ್ರ. "ಬರೀ ಗ್ಯಾಸು."

"ಗ್ಯಾಸು ಸಿಲಿಂಡರಲ್ಲಿದ್ರೂ ನಾನು ಎದುರಿಗೆ ಮುಖ ಇಟ್ಕೊಂಡು ನಿಲ್ಲಲ್ಲಪ್ಪ."

ಕೋಕಿಲಾ ಮುಂದೆ ಬಂದಳು. "ಅತ್ತೆ, ಅಲ್ಲಿಂದ ಬೆಳಕು ನಮ್ಮ ಹತ್ರ ಬರೋಕೆ ಒಂದೂಕಾಲು ಗಂಟೆ ಬೇಕು. ಈಗ ಏಳೂ ಮುಕ್ಕಾಲು. ನೀವು ನೋಡೋದು ಈಗಿನ ಶನೀನ ಅಲ್ಲ, ಆರೂವರೆ ಶನೀನ."

ಪದ್ಮಾವತಮ್ಮನವರ ಮುಖ ಅರಳಿತು. "ಆರೂವರೆಗೇ ನಾನು ದೀಪ ಹಚ್ಚಿದ್ದು! ಆಗ ಒಳ್ಳೇ ಮನಸ್ಸಲ್ಲೇ ಇರ್ತಾನೆ."

ದೀಪದ ಬೆಳಕು ಅವನನ್ನು ಮುಟ್ಟಲಿಕ್ಕೂ ಅಷ್ಟೇ ಹೊತ್ತು ಬೇಕಲ್ಲ ಎಂಬುದು ಕೋಕಿಲಾಗೆ ತಕ್ಷಣ ಹೊಳೆಯಿತು. ನುಂಗಿಕೊಂಡಳು.

"ಆದ್ರೂ ಎದುರಿಗೆ ಬೇಡ," ಎಂದರು ಅತ್ತೆ.

"ಒಂದು ನಿಮಿಷ ಇರಿ," ಎಂದು ಸುಧೀಂದ್ರ ಚೀಲದಿಂದ ಮೊಣಕೈಯಂತೆ ಬಾಗಿದ ಒಂದು ತುಂಡು ತೆಗೆದು ಕೊಳವೆಯ ತುದಿಗೆ ಸಿಗಿಸಿದರು. "ಈಗ ಮೇಲಿಂದ ಬಗ್ಗಿ ನೋಡಿ. ನೇರ ಅಲ್ಲವೇ ಅಲ್ಲ. ಒಳಗೆ ಸಣ್ಣದೊಂದು ಕನ್ನಡಿ ಇದೆ."

ಕತ್ತಲಲ್ಲಿ ಮಡಿವಾಳಪ್ಪ ಕೆಮ್ಮಿದ. "ಏನಂದ್ರಿ ಸರ? ಇನ್ನೊಮ್ಮಿ ಹೇಳ್ರಿ?"

"ಸಣ್ಣದು ಕಣ್ರೀ!"

"ಸಣ್ಣದಾದ್ರೂ ಕನ್ನಡೀನ ಅಲ್ರೀ?"

ಪದ್ಮಾವತಮ್ಮ ಹತ್ತಿರ ಬಂದು ಪರೀಕ್ಷೆ ಮಾಡಿದರು. ಕಣ್ಣಿಡುವ ಜಾಗ ತಿರುಗಿತ್ತು ನಿಜ. ಆದರೆ ಕೊಳವೆ ಮಾತ್ರ ಬಂದೂಕಿನ ಹಾಗೆ ಆಕಾಶದಿಂದ ನೆಟ್ಟಗೆ ಅವರ ಕಡೆಗೇ ಇಳಿದಿತ್ತು. "ಅವನ ದೃಷ್ಟಿ ಕಣ್ಣಿಗೆ ತಪ್ಪಿ ಹೊಟ್ಟೆ ಮೇಲೆ ಬಿದ್ರೆ?"

ಪದ್ಮಾವತಮ್ಮ ಸೊಸೆಯ ಕೈ ಹಿಡಿದು ಮೆಟ್ಟಿಲ ಕಡೆ ತಿರುಗಿದರು. "ಬಿಡು ಶ್ಯಾಮು. ಯೋಗ ಇಲ್ಲ ಅಷ್ಟೇ. ಸೋಮವಾರ ಹೆಂಗೋ ಆಗತ್ತೆ." ಕೊನೆಯ ಮಾತಿಗೆ ದನಿ ಸ್ವಲ್ಪ ಅದುರಿತು.

ಆ ಅದುರಿದ ದನಿ ಶ್ಯಾಮಸುಂದರನ ಎದೆಗೆ ತಾಗಿತು. ಪಕ್ಕಕ್ಕೆ ನೋಡಿದ. ಮಡಿವಾಳಪ್ಪ ತನ್ನ ಕನ್ನಡಿ ದುರ್ಬೀನನ್ನು ಆಗಲೇ ಸರಿಹೊಂದಿಸಿ, ಹಿರಿಯರ ಮುಂದೆ ಮುನ್ನುಗ್ಗಬಾರದೆಂದು ಕೈಕಟ್ಟಿ ನಿಂತಿದ್ದ. ಆ ದಪ್ಪ ಕೊಳವೆಯ ಬಾಯಿ ಶನಿಯ ಕಡೆಗಿತ್ತು, ತಳ ನೆಲದ ಕಡೆಗೆ. ಕಣ್ಣಿಡುವ ಕಿಂಡಿ ಮಾತ್ರ ಮೇಲುಗಡೆ, ಕೊಳವೆಯ ಪಕ್ಕೆಯಲ್ಲಿ. ಗುಡಿಯಲ್ಲಿ ಅಮ್ಮ ನಿಲ್ಲುವ ಜಾಗದಲ್ಲೇ.

"ಸುಧೀಂದ್ರ, ಸ್ವಲ್ಪ ಜಾಗ ಬಿಡಿ," ಎಂದ ಶ್ಯಾಮಸುಂದರ.

ಐವತ್ತಮೂರು ವರ್ಷದಲ್ಲಿ ಅವನು ಯಾರಿಗೂ ಹಾಗೆಂದಿರಲಿಲ್ಲ. ಸುಧೀಂದ್ರರು ಬೆರಗಾಗಿಯೇ ಜಾಗ ಬಿಟ್ಟರು.

"ಅಮ್ಮ, ಬಾ ಇಲ್ಲಿ. ಇದರಲ್ಲಿ ಎದುರಿಗೆ ನಿಲ್ಲೋ ಹಾಗೇ ಇಲ್ಲ. ಅವನ ದೃಷ್ಟಿ ಹೋಗೋದು ಕೊಳವೆ ಒಳಗೆ, ತಳದ ಕನ್ನಡಿಗೆ. ನೀನು ಪಕ್ಕದಲ್ಲಿ ನಿಂತು, ಕನ್ನಡೀಲಿ ಅವನನ್ನ ನೋಡೋದು."

"ದರ್ಪಣದಲ್ಲಾ?" ಪದ್ಮಾವತಮ್ಮ ನಿಂತರು. "ದರ್ಪಣದಲ್ಲಿ ದೋಷ ಇಲ್ಲ. ಗುಡೀಲಿ ದೇವರ ಪಟಕ್ಕೆ ಅಭಿಷೇಕ ಮಾಡೋದೂ ಕನ್ನಡಿ ಇಟ್ಟೇ ಅಲ್ವೇನೋ." ಕೊಳವೆಯ ಸುತ್ತ ಒಂದು ಸುತ್ತು ಬಂದರು. "ಬಲಗಡೆ ನಿಲ್ಲಲೋ, ಎಡಗಡೆಯೋ?"

"ಬಾಜೂಕ ನಿಂದರ್ರಿ ಅಮ್ಮಾರ, ಹಾಂ, ಅಲ್ಲೇ," ಎಂದ ಮಡಿವಾಳಪ್ಪ. "ಬಗ್ಗೂದೂ ಬ್ಯಾಡ. ಎಡಗಣ್ಣು ಹಚ್ಚ್ರಿ."

ಅವರು ಕಣ್ಣಿಟ್ಟರು. ಕೆಳಗೆ ಪಾನಿಪುರಿ ಗಾಡಿಯ ಗಂಟೆ ಕೇಳಿಸುತ್ತಿತ್ತು.

"ಏನೂ ಕಾಣ... ಅಯ್ಯೋ."

ಕಪ್ಪು ನೀರಿನಂಥ ಆಳದಲ್ಲಿ ಹಳದಿಯ ಒಂದು ಸಣ್ಣ ಮಣಿ. ಮಣಿಯನ್ನು ಸುತ್ತಿದ ತೆಳ್ಳನೆಯ ಬಳೆ. ಅದು ಮೆಲ್ಲಗೆ, ಯಾರ ಗೊಡವೆಯೂ ಇಲ್ಲದೆ, ಕಿಂಡಿಯ ಒಂದು ಅಂಚಿನಿಂದ ಇನ್ನೊಂದಕ್ಕೆ ತೇಲುತ್ತಿತ್ತು. ಮಡಿವಾಳಪ್ಪ ಬೆರಳ ತುದಿಯಲ್ಲಿ ಕೊಳವೆಯನ್ನು ತಳ್ಳಿ ಮತ್ತೆ ನಡುವಿಗೆ ತರುತ್ತಿದ್ದ.

ಪದ್ಮಾವತಮ್ಮ ಬಹಳ ಹೊತ್ತು ನೋಡಿದರು. ತುಟಿ ಅಲ್ಲಾಡಿತು. ಆಮೇಲೆ ತಲೆಯೆತ್ತಿ, ಕಣ್ಣು ಒರೆಸಿಕೊಂಡು, ಇದ್ದಕ್ಕಿದ್ದಂತೆ ನಕ್ಕರು. "ಇಷ್ಟು ಚಿಕ್ಕೋನೇನೋ! ಪಾಪ."

"ಏನು ಕೇಳ್ಕೊಂಡೆ ಅಮ್ಮ?"

"ಕೇಳ್ಕೊಳ್ಳೋಕೆ ಅಂತಾನೇ ಬಂದೆ ಕಣೋ. ನೋಡಿದ್ರೆ ಅಷ್ಟು ದೂರ, ಆ ಕತ್ತಲಲ್ಲಿ, ಒಬ್ಬನೇ ಇದ್ದಾನೆ. ನಾನೇ 'ಹುಷಾರು ಕಣಪ್ಪ' ಅಂದು ಬಂದೆ."

ಅತ್ತ ಸುಧೀಂದ್ರರು ಸದ್ದಿಲ್ಲದೆ ಮಸೂರಕ್ಕೆ ಮುಚ್ಚಳ ಹಾಕುತ್ತಿದ್ದರು. ಪದ್ಮಾವತಮ್ಮನವರ ಕಣ್ಣು ಮಂಕಾದರೂ ಮುನಿಸು ಬೇಗ ಕಾಣುತ್ತಿತ್ತು.

"ಎಲ್ಲಿಗೆ ಹೊರಟೆಯಪ್ಪಾ ಸುಧೀಂದ್ರ? ಚಂದ್ರನ್ನ ಯಾರು ತೋರಿಸ್ತಾರೆ?"

"ಅದರಲ್ಲೇ ನೋಡಿ ಅಮ್ಮ. ಕನ್ನಡಿ ಇದೆಯಲ್ಲ."

"ಚಂದ್ರನ್ನ ಪಕ್ಕದಲ್ಲಿ ನಿಂತು ಕದ್ದು ನೋಡ್ತಾರಾ? ಅವನು ಸೋದರಮಾವ ಕಣಪ್ಪ, ಎದುರಿಗೇ ನಿಂತು ನೋಡ್ಬೇಕು. ತೆಗಿ ಮುಚ್ಚಳ. ಕೋಕಿಲಾ, ಒಂದು ಕುರ್ಚಿ ತಾರಮ್ಮ."

ಸುಧೀಂದ್ರರು ಮುಚ್ಚಳ ತೆಗೆದ ವೇಗ ನೋಡಬೇಕಿತ್ತು. ಪದ್ಮಾವತಮ್ಮ ಕುರ್ಚಿಯಲ್ಲಿ ಕುಳಿತು ಚಂದ್ರನ ಹಳ್ಳ, ದಿಣ್ಣೆ, ಗುಂಡಿಗಳನ್ನು ನೋಡಿ, "ನಮ್ಮ ಬೀದಿಗಿಂತ ವಾಸಿ" ಎಂದರು. ನೀಲಿ ಅಂಚೂ ಕಂಡಿತು. ಅದು ಅವರಿಗೆ ಬಹಳ ಹಿಡಿಸಿತು. ಮಡಿವಾಳಪ್ಪ ಆಕಾಶದ ಬೇರೆ ಕಡೆ ನೋಡಿದ.

ಈ ನಡುವೆ ಶ್ಯಾಮಸುಂದರ ಕನ್ನಡಿ ದುರ್ಬೀನಿನ ಕಿಂಡಿಗೆ ಮೊಬೈಲ್ ಹಿಡಿದು ನಲವತ್ತು ಸಲ ಒತ್ತಿದ್ದ. ಮೂವತ್ತೊಂಬತ್ತು ಹಾಳಾದವು. ಒಂದರಲ್ಲಿ ಎಳ್ಳುಕಾಳಿನಷ್ಟು ಶನಿ, ಬಳೆಯ ಸಮೇತ. ಅವನ ಮನಸ್ಸು ಆ ಕ್ಷಣವೇ ಕನ್ನಡಿಗೆ ಸೋತುಹೋಯಿತು. ಓಡಿಬಂದು ತಾಯಿಗೆ ತೋರಿಸಿದ.

"ಅಳಿಸು."

"ಅಮ್ಮಾ!"

"ಶನಿ ಪಟ ಮನೇಲಿ ಇಟ್ಕೋತಾರೇನೋ?"

"ಮನೇಲಿ ಎಲ್ಲಿದೆ? ಫೋನಲ್ಲಿದೆ."

"ಫೋನ್ ಎಲ್ಲಿರತ್ತೆ?"

ಶ್ಯಾಮಸುಂದರ ಹೆಂಡತಿಯ ಕಡೆ ನೋಡಿದ. ಕೋಕಿಲಾ ಸೆರಗು ಬಾಯಿಗೆ ಅಡ್ಡ ಹಿಡಿದಿದ್ದಳು. "ರಾತ್ರಿ ಚಪ್ಪಲಿ ಸ್ಟ್ಯಾಂಡಲ್ಲಿ ಇಡಿ. ಅಲಾರಂ ಹೊಡೆದ್ರೆ ಎದ್ದು ಅಲ್ಲಿಗೇ ಹೋಗಿ."

"ನನಗ ಕಳಸ್ರಿ ಸರ," ಎಂದ ಮಡಿವಾಳಪ್ಪ. "ನನ್ನ ಎದಿ ಮ್ಯಾಲ ಲಿಂಗ ಐತಿ. ಶನಿ ನಮ್ಮನಿಗೆ ಬಂದ್ರೂ ಒಂದು ಕಪ್ ಚಾ ಕುಡದು ಹೋಗ್ತಾನ."

ಫೋಟೋ ಹೋಯಿತು. ಅಳಿಸಿದ್ದೂ ಆಯಿತು. ಮಸೂರದಲ್ಲಿ ತೆಗೆದ ಚಂದ್ರನ ಫೋಟೋ ಮೊದಲ ಸಲಕ್ಕೇ ಹೂವಿನ ಹಾಗೆ ಬಂತು. ಅದಕ್ಕೆ ಕಟ್ಟು ಹಾಕಿಸಿ ನಡುಮನೆಯಲ್ಲಿ ತೂಗುಹಾಕಬೇಕೆಂದು ಅಪ್ಪಣೆಯಾಯಿತು. ಹೊಸಬರಿಗೆ ರಿಫ್ರಾಕ್ಟರ್ರೇ ಎಂದು ಸುಧೀಂದ್ರರು ಇನ್ನೊಮ್ಮೆ ಹೇಳಿ, ಎರಡನೆಯ ಕಾಫಿ ಕೇಳಿ ಕುಡಿದು ಹೋದರು.

ಎಲ್ಲರೂ ಹೋದ ಮೇಲೆ ಶ್ಯಾಮಸುಂದರ ಅಮ್ಮನ ಕೋಣೆಗೆ ಬಂದ. ಅವರು ಆಸ್ಪತ್ರೆಯ ಚೀಲಕ್ಕೆ ತಾವೇ ಸೀರೆ, ತಂಬಿಗೆ, ಜಪಸರ ತುಂಬುತ್ತಿದ್ದರು. ಎರಡು ದಿನದಿಂದ ಆ ಚೀಲವನ್ನು ಮುಟ್ಟದೆ ಕೂತವರು.

"ಅಮ್ಮ, ಕನ್ನಡಿದು ಇಟ್ಕೊಳ್ಳೋಣ ಅಂತ ಇದೀನಿ. ನಿನಗೆ ದರ್ಶನ ಆಗಿದ್ದು ಅದರಲ್ಲೇ."

"ಅದಕ್ಕೇ ಇಟ್ಕೋಬಾರದು ಕಣೋ." ಪದ್ಮಾವತಮ್ಮ ಚೀಲದ ಬಾಯಿ ಕಟ್ಟಿದರು. "ಅವನು ಬಂದ ದಾರಿ ಅದು. ಬಂದ, ಕಂಡ, ನನ್ನ ಹೆದರಿಕೆ ತಗೊಂಡು ಹೋದ. ಅವನನ್ನ ಮರ್ಯಾದೆಯಾಗಿ ಕಳಿಸ್ಬೇಕೇ ಹೊರತು ದಾರಿ ತೆರೆದಿಟ್ಕೊಂಡು ಕೂರಬಾರದು. ಆ ಲಿಂಗ ಕಟ್ಟಿದೋರ ಮನೇಲಿ ಇರ್ಲಿ ಅದು. ಅವರಿಗೇನೂ ಆಗಲ್ಲ. ನಾನೂ ಬರ್ತೀನಿ, ನಾಳೆ ಬೆಳಗ್ಗೆ ಕೊಟ್ಟು ಬರೋಣ."

ಶ್ಯಾಮಸುಂದರ "ಆಯ್ತಮ್ಮ" ಎಂದ. ಆದರೆ ರಾತ್ರಿಯೆಲ್ಲ ಮಡಿವಾಳಪ್ಪನಿಗೆ ಏನು ಹೇಳುವುದೆಂದು ಹೊರಳಾಡಿದ. ಗೆದ್ದ ದುರ್ಬೀನನ್ನು ವಾಪಸು ಕೊಡುವುದು ಸೋತದ್ದನ್ನು ಕೊಡುವುದಕ್ಕಿಂತ ಕಷ್ಟ. ತಾರಸಿ ಚಿಕ್ಕದು, ಮೆಟ್ಟಿಲು ಕಿರಿದು, ಬೆನ್ನು ನೋವು ಎಂದು ಮೂರು ಕಾರಣ ಜೋಡಿಸಿಕೊಂಡ.

ಭಾನುವಾರ ಒಳ್ಳೆಯ ಬಿಸಿಲು. ಆಟೋದಲ್ಲಿ ಕೊಳವೆ ಅಡ್ಡ ಮಲಗಿತ್ತು, ತಾಯಿ ಮಗ ಎರಡು ಕಡೆ ಕುಳಿತು ಹಿಡಿದುಕೊಂಡಿದ್ದರು. ಮಡಿವಾಳಪ್ಪ ಅಂಗಡಿಯ ಬಾಗಿಲಲ್ಲಿ ಯಾರದೋ ಮದುವೆಯ ಬೀರುವಿಗೆ ಕನ್ನಡಿ ಅಳೆಯುತ್ತಿದ್ದವನು ಆಟೋ ನೋಡಿ, ಒಳಗಿನ ಕೊಳವೆ ನೋಡಿ, ಅಳತೆಪಟ್ಟಿ ಕೆಳಗಿಟ್ಟು ಎದ್ದು ನಿಂತ. ಅವನ ಮುಖ ಒಂದು ಗಳಿಗೆ ಬಾಡಿತು.

"ಮಡಿವಾಳಪ್ಪ, ಏನಂದ್ರೆ, ನಮ್ಮ ತಾರಸಿ..." ಎಂದು ಶ್ಯಾಮಸುಂದರ ಶುರು ಮಾಡಿದ.

ಪದ್ಮಾವತಮ್ಮ ಮಗನ ತೋಳು ಮುಟ್ಟಿ ಸುಮ್ಮನಾಗಿಸಿದರು. ಕೊಳವೆಯನ್ನು ಅವರು ಎತ್ತುವ ಹಾಗಿರಲಿಲ್ಲ. ಮಗನೂ ಆಟೋದವನೂ ಹೊತ್ತು ತರುವಾಗ ಒಂದು ಕೈಯನ್ನು ಅದರ ಮೇಲೆ ಇಟ್ಟುಕೊಂಡೇ ನಡೆದು ಬಂದರು. ಅಂಗಡಿಯ ಹೊಸ್ತಿಲಲ್ಲಿ ನಿಂತು, ಪಕ್ಕಕ್ಕೆ ಸರಿದು, ಅದಕ್ಕೆ ಕೈ ಮುಗಿದು, ಮಡಿವಾಳಪ್ಪನ ಎರಡೂ ಕೈಗೆ ಒಪ್ಪಿಸಿದರು.